ಕೊಯ್ದ ಗೆರೆ

ನಾಲ್ಕೂ ಮುಕ್ಕಾಲಿಗೆ ಹಾಸನದಲ್ಲಿ ಎದ್ದಿರುವವರು
ನಾನು, ಡೇರಿಯ ಬಾಯ್ಲರು, ಆಸ್ಪತ್ರೆ ಗೇಟಿನ ನಾಯಿ,
ಮತ್ತೆ ಈ ಕೆಂಪು ದೀಪ.
ಐದೂ ಹತ್ತರ ಬೇಲೂರು ಬಸ್ಸಿಗೆ ಮುಂಚೆ
ಕ್ಯಾಂಟೀನಿನ ಒಲೆ ಹತ್ತಬೇಕು, ಡಿಕಾಕ್ಷನ್ ಇಳಿಯಬೇಕು.
ಅಡ್ಡರಸ್ತೆಯ ಬಾಯಲ್ಲಿ ಒಂದು ಕಾಲೂರಿ
ನಿಲ್ಲುತ್ತೇನೆ, ನಿಂತೇ ಇರುತ್ತೇನೆ.
ಹೆದ್ದಾರಿಗೆ ಹಸಿರು,
ಯಾರೂ ಇಲ್ಲದ ಹೆದ್ದಾರಿಗೆ.

ಹಿಂದೆ ಹಾಲಿನ ಟ್ಯಾಂಕರ್ ಬಂದು ಬುಸ್ಸೆಂದರೆ
ಆಗ ಇದಕ್ಕೆ ಎಚ್ಚರ.
ನನ್ನನ್ನಲ್ಲ, ಅವನನ್ನು ಕಂಡು.
ಟ್ಯಾಂಕರ್ ಬಾರದ ದಿನ
ಮಾಲೀಕರ ಮಾತು ಕಾಫಿಗಿಂತ ಬಿಸಿ.

ಒಮ್ಮೆ ನುಗ್ಗಿಸಿದೆ, ಸುಳ್ಳೇಕೆ.
ಮಂಗಳೂರಿನ ಮೀನು ಲಾರಿ ಮಂಜಿನೊಳಗಿಂದ ಬಂದು
ಹಾರನ್ನೂ ಹೊಡೆಯದೆ
ಗೇಣಗಲ ಬಿಟ್ಟು ಹೋಯಿತು.
ಸೆರಗೆಲ್ಲ ಬಂಗುಡೆ ನೀರು.
ಅವತ್ತು ಗಿರಾಕಿಗಳು ಲೋಟ ಮೂಸಿ ಮೂಸಿ ಇಟ್ಟರು.
ನಡುಕ ಮಾತ್ರ ಸಂಜೆ ಬಂತು,
ಮನೆಯಲ್ಲಿ, ಅಕ್ಕಿ ಆರಿಸುವಾಗ.

ಸಿಗ್ನಲ್ ರಿಪೇರಿಯ ಇನಾಯತ್
ನಮ್ಮಲ್ಲೇ ಕಾಫಿ ಕುಡಿಯುವುದು, ಸಕ್ಕರೆ ಜಾಸ್ತಿ.
ಕೇಳಿಯೇಬಿಟ್ಟೆ: ನಿನ್ನ ದೀಪಕ್ಕೆ ನಾನು ಕಾಣುವುದಿಲ್ಲವಾ?
‘ಅದಕ್ಕೆ ಕಣ್ಣೆಲ್ಲಿದೆ ಅಕ್ಕ? ತೂಕವೂ ತಿಳಿಯದು.
ರಸ್ತೆ ಕೊಯ್ದು ತಾಮ್ರದ ತಂತಿ ಸುತ್ತಿ ಹೂತಿದೀವಿ,
ಮೇಲೆ ಟಾರು.
ಕಬ್ಬಿಣ ಹತ್ತಿರ ಬಂದರೆ ತಂತಿಗೆ ಗೊತ್ತಾಗತ್ತೆ.
ನೀವು ಚೌಕದ ನಡುವೆ ನಿಲ್ತೀರಿ, ಖಾಲಿ ಕಡೆ.
ಗೆರೆ ಮೇಲೆ ನಿಲ್ಲಿ, ಎರಡೂ ಚಕ್ರ ಗೆರೆ ಮೇಲೆ.
ಅದಕ್ಕೂ ಆಗಲಿಲ್ಲವೋ,
ಸೈಕಲ್ಲನ್ನ ಸ್ವಲ್ಪ ಮಲಗಿಸಿ.’
ಚೆಲ್ಲಿದ ಕಾಫಿಯಲ್ಲಿ ಬೆರಳದ್ದಿ
ಟೇಬಲ್ ಮೇಲೆ ಚೌಕ ಬರೆದ, ಮೂಲೆ ಮುರಿದ ಚೌಕ.
ಅವನು ಹೋದ ಮೇಲೆ ಒರೆಸಿದೆ,
ಒರೆಸುವ ಮೊದಲು ಇನ್ನೊಮ್ಮೆ ನೋಡಿ.

ಮರುದಿನ ಮೊಬೈಲಿನ ಬೆಳಕಲ್ಲಿ ಹುಡುಕಿದೆ.
ಇತ್ತು. ಕಪ್ಪಿನ ಮೇಲೆ ಇನ್ನೂ ಕಪ್ಪು,
ಚುಕ್ಕಿ ಇಡದೆ ಎಳೆದ ರಂಗೋಲಿ.
ನನ್ನದು ಅಡ್ಡಕಂಬಿಯ ಗಂಡಸರ ಸೈಕಲ್ಲು,
ಸೀರೆ ಎತ್ತಿ ಹತ್ತುವಾಗ ನಗಬೇಕಾದವರೆಲ್ಲ
ಎಂದೋ ನಕ್ಕು ಮುಗಿಸಿದ್ದಾರೆ.
ಅದನ್ನು ಮೆಲ್ಲಗೆ ಬಾಗಿಸಿದೆ,
ನಿದ್ದೆ ಹತ್ತಿದ ಕೂಸನ್ನು ಹೆಗಲಿಂದ ಇಳಿಸುವ ಹಾಗೆ.
ಹ್ಯಾಂಡಲ್ಲಿನ ಬುತ್ತಿ ಡಬ್ಬಿ ಠಣ್ಣೆಂದಿತು.
ಒಂದು, ಎರಡು… ಏಳು.

ಹಸಿರು.

ಅಯ್ಯೋ ನನ್ನ ಕರ್ಮವೇ,
ನೋಡುತ್ತಾ ನಿಂತುಬಿಟ್ಟೆ,
ಮತ್ತೆ ಕೆಂಪಾಯಿತು.

ಆಮೇಲೆ ಕೆಲವು ದಿನ
ರಂಗೋಲಿ ಪುಡಿ ಪೊಟ್ಟಣ ಕಟ್ಟಿ ತಂದು
ಗೆರೆಯ ಮೇಲೊಂದು ಚುಕ್ಕಿ ಇಡುತ್ತಿದ್ದೆ,
ನನಗೇ, ಮಾರನೆಯ ದಿನಕ್ಕೆ.
ಟೈರುಗಳು ಸಂಜೆಯೊಳಗೆ ತಿನ್ನುತ್ತಿದ್ದವು.
ದೀಪಾವಳಿ ಕಳೆದ ಮೇಲೆ ಹೊಸ ಟಾರು ಬಂತು,
ಗೆರೆಯೇ ಇಲ್ಲ.
ಈಗ ಬೇಕರಿ ಷಟರಿನ ಎಡಗಡೆ ಬೀಗಕ್ಕೆ ನೇರ,
ಕಂಬದಿಂದ ಎರಡೂವರೆ ಹೆಜ್ಜೆ.
ಕಾಲಿಗೆ ಗೊತ್ತು. ಕೇಳಿದರೆ ಹೇಳಲು ಬಾರದು.

ಇವತ್ತು ನನಗಿಂತ ಮುಂಚೆ ಒಬ್ಬ ಹುಡುಗ,
ಬೆನ್ನಿಗೆ ಹಾಕಿ ಕೋಲು, ಗೇರಿನ ಸೈಕಲ್ಲು,
ದೀಪವನ್ನು ದುರುಗುಟ್ಟಿ ನೋಡುತ್ತಾ.
‘ಆಂಟಿ, ಇದು ಕೆಟ್ಟಿದೆಯಾ?’
ಕೆಟ್ಟಿಲ್ಲಪ್ಪ, ಈ ಕಡೆ ಬಾ,
ಇನ್ನೂ ಈ ಕಡೆ. ಹಾಂ. ಮಲಗಿಸು.
‘ಏನು?’
ಮಲಗಿಸೋ ಅಂದರೆ.

ಎರಡು ಸೈಕಲ್ಲು ವಾಲಿಸಿಕೊಂಡು ನಿಂತೆವು,
ಏನನ್ನೋ ಕಳಕೊಂಡು ಹುಡುಕುವವರ ಹಾಗೆ ನೆಲ ನೋಡುತ್ತಾ.
ಹಿಂದೆ, ತಿರುವಿನ ಮಂಜು ಹಳದಿಯಾಯಿತು,
ಟ್ಯಾಂಕರಿನ ದೀಪ.
ಬೇಗ, ಬೇಗ, ಎಂದೆ
ಕಾಲಡಿಯ ತಂತಿಗೆ,
ಅವನು ಬರುವ ಮುಂಚೆ.